ಪಾಠ ಯೋಜನೆಯ ‘ತಂತ್ರಜ್ಞಾನ ಬಳಕೆ’ ಕಾಲಮ್ಮಿನಲ್ಲಿ ಏನು ಬರೆಯಬೇಕು?

ಪ್ರಶ್ನೆ: ಗಣಿತ ಶಿಕ್ಷಕ, ಗೌರಿಬಿದನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಗಣಿತ ಬೋಧಿಸುತ್ತಿದ್ದೇನೆ. ಕಳೆದ ವರ್ಷ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ. ಹಳೆಯ ಕಂಪ್ಯೂಟರ್ ಕೊಠಡಿಯಲ್ಲಿ ಹತ್ತು ಯಂತ್ರಗಳಿದ್ದು, ಆರು ಮಾತ್ರ ಚಾಲೂ ಆಗುತ್ತವೆ. ನಾವು ಬಳಸುವ ಪಾಠ ಯೋಜನೆಯ ನಮೂನೆಯಲ್ಲಿ ಈ ವರ್ಷ ಕಲಿಕಾ ಫಲದ (ಪಾಠ ಮುಗಿದಾಗ ಮಗು ಏನು ಮಾಡಬಲ್ಲದು ಎಂಬುದರ) ಪಕ್ಕದಲ್ಲೇ ‘ತಂತ್ರಜ್ಞಾನ ಬಳಕೆ’ ಎಂಬ ಕಾಲಂ ಸೇರಿದೆ. ಜೂನ್‌ನಿಂದ ಇಲ್ಲಿಯವರೆಗೆ ನಾನು ಅದರಲ್ಲಿ ‘ಸ್ಮಾರ್ಟ್ ಬೋರ್ಡ್’ ಅಥವಾ ‘ದೀಕ್ಷಾ ವಿಡಿಯೊ’ (ಸರ್ಕಾರದ ದೀಕ್ಷಾ ಕಲಿಕಾ ಜಾಲತಾಣದ್ದು) ಎಂದಷ್ಟೇ ಬರೆದಿದ್ದೇನೆ. ಪಾಠ ವೀಕ್ಷಣೆಗೆ ಬಂದವರು ಅದಕ್ಕೆ ಸಹಿಯನ್ನೂ ಹಾಕಿದ್ದಾರೆ.

ಆದರೆ ನನಗೆ ಸಮಾಧಾನವಿಲ್ಲ. ಹೋದ ವಾರ ‘ಚತುರ್ಭುಜಗಳು’ ಅಧ್ಯಾಯಕ್ಕೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಸಿಕ್ಕ ವಿಡಿಯೊ ಒಂದನ್ನು ತೋರಿಸಿದೆ. ನಲವತ್ತಾರು ಮಕ್ಕಳೂ ಸದ್ದಿಲ್ಲದೆ ನೋಡಿದರು. ಮುಗಿದ ಮೇಲೆ ಪ್ರಶ್ನೆ ಕೇಳಿದಾಗ, ವಿಡಿಯೊ ಇಲ್ಲದ ದಿನಗಳಲ್ಲಿ ಯಾವ ಮೂವರು ಕೈ ಎತ್ತುತ್ತಿದ್ದರೋ ಅವರೇ ಎತ್ತಿದರು. ನಲವತ್ತು ನಿಮಿಷದ ಅವಧಿಯಲ್ಲಿ ಹದಿನೈದು ನಿಮಿಷ ಅದಕ್ಕೇ ಹೋಯಿತು. ಹಾಗಾದರೆ ಪಠ್ಯಕ್ರಮವು ಮಗುವಿನಿಂದ ನಿರೀಕ್ಷಿಸುವ ಸಾಮರ್ಥ್ಯಕ್ಕೂ ಈ ಪರದೆಗೂ ನಿಜವಾದ ಸಂಬಂಧ ಕಲ್ಪಿಸುವುದು ಹೇಗೆ? ಪ್ರತಿ ಪಾಠಕ್ಕೂ ಆ ಕಾಲಂ ತುಂಬಲೇಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಗಣಿತ ಶಿಕ್ಷಕಿ, ಮಧುಗಿರಿ ಶೈಕ್ಷಣಿಕ ಜಿಲ್ಲೆ

ಸರ್, ನೀವು ಹೇಳಿದ ಅಧ್ಯಾಯವನ್ನೇ ತೆಗೆದುಕೊಂಡು ನಾನು ಮಾಡಿದ್ದನ್ನು ವಿವರಿಸುತ್ತೇನೆ.

ಯಾವುದೇ ಚತುರ್ಭುಜದ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ಉಂಟಾಗುತ್ತದೆ ಎಂದು ಸಾಧಿಸುವ ಅಭ್ಯಾಸದ ಲೆಕ್ಕ ನಿಮಗೆ ಗೊತ್ತೇ ಇದೆ. ಕಪ್ಪು ಹಲಗೆಯ ಮೇಲೆ ನಾನು ಒಂದು ಚಿತ್ರ ಬರೆಯಬಲ್ಲೆ, ಹೆಚ್ಚೆಂದರೆ ಎರಡು. ‘ಯಾವುದೇ’ ಎಂಬ ಪದದ ತೂಕ ಆ ಎರಡು ಚಿತ್ರಗಳಿಂದ ಮಕ್ಕಳಿಗೆ ತಲುಪುವುದಿಲ್ಲ. ಆದ್ದರಿಂದ ಅದನ್ನು ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ರಚಿಸಿ, ಶೃಂಗವೊಂದನ್ನು ಎಳೆಯಲು ಮಕ್ಕಳನ್ನೇ ಕರೆದೆ. ಎಳೆಯುವ ಮೊದಲು ಒಳಗಿನ ಆಕೃತಿ ಏನಾಗಬಹುದೆಂದು ಪ್ರತಿಯೊಬ್ಬರೂ ನೋಟ್ಸ್‌ನಲ್ಲಿ ಬರೆಯಬೇಕು ಎಂಬುದೊಂದೇ ನಿಯಮ. ಸಾಮಾನ್ಯವಾಗಿ ಮಾತೇ ಆಡದ ಹುಡುಗಿಯೊಬ್ಬಳು ಶೃಂಗವನ್ನು ಹೊರಕ್ಕೆ ಎಳೆಯುವ ಬದಲು ಒಳಕ್ಕೆ ತಳ್ಳಿದಳು. ಚತುರ್ಭುಜವು ಬಾಣದ ತುದಿಯಂತೆ ಬಾಗಿತು. ಒಳಗಿನದು ಆಗಲೂ ಸಮಾಂತರ ಚತುರ್ಭುಜವಾಗಿಯೇ ಉಳಿಯಿತು. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಊಹೆ ತಪ್ಪಾಗಿತ್ತು. ‘ಯಾಕೆ ಮೇಡಂ?’ ಎಂಬ ಪ್ರಶ್ನೆ ಅವರಿಂದಲೇ ಬಂದಾಗ ನಾನು ಬೋರ್ಡ್ ಆಫ್ ಮಾಡಿದೆ.

ಇದು ಮುಖ್ಯವೆಂದು ನಾನು ನಂಬಿದ್ದೇನೆ. ಪರದೆಯ ಮೇಲೆ ಎರಡು ಬಾಹುಗಳ ಅಳತೆಯೂ 3.47 ಎಂದು ಕಂಡರೆ ‘ಸಾಧಿಸಿಯಾಯಿತು’ ಎಂದು ಮಕ್ಕಳು ತಿಳಿಯುತ್ತಾರೆ. ಅದು ಸಾಧನೆಯಲ್ಲ, ಆ ಒಂದು ಚಿತ್ರದ ಅಳತೆ, ಅದೂ ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿದ್ದು. ಮುಂದಿನ ಇಪ್ಪತ್ತು ನಿಮಿಷ ನೋಟ್ಸ್‌ನಲ್ಲೇ ಕೆಲಸ ನಡೆಯಿತು. ಕರ್ಣವೊಂದನ್ನು ಎಳೆದರೆ ಎರಡು ತ್ರಿಭುಜಗಳಾಗುತ್ತವೆ. ಮಧ್ಯಬಿಂದು ಪ್ರಮೇಯದ ಪ್ರಕಾರ ಎರಡರಲ್ಲೂ ಮಧ್ಯಬಿಂದುಗಳನ್ನು ಸೇರಿಸುವ ರೇಖೆ ಆ ಕರ್ಣಕ್ಕೆ ಸಮಾಂತರವಾಗಿದ್ದು ಅದರ ಅರ್ಧದಷ್ಟಿರುತ್ತದೆ. ಹಾಗಾಗಿ ಅಭಿಮುಖ ಬಾಹುಗಳೆರಡು ಸಮ ಮತ್ತು ಸಮಾಂತರ. ಇಲ್ಲಿ ಕಲಿಕಾ ಫಲ ತಾರ್ಕಿಕವಾಗಿ ಸಾಧಿಸುವುದು. ಜಿಯೋಜಿಬ್ರಾ ಆ ಸಾಧನೆಯ ಅಗತ್ಯವನ್ನು ಮಕ್ಕಳಲ್ಲಿ ಹುಟ್ಟಿಸಿತು, ಸಾಧಿಸಿದ್ದು ಮಕ್ಕಳೇ.

ಕಾಲಮ್ಮಿನಲ್ಲಿ ನಾನು ಬರೆದದ್ದು ಹೀಗೆ: ‘ಮಕ್ಕಳು ಶೃಂಗವನ್ನು ಚಲಿಸಿ, ಮೊದಲು ಊಹಿಸಿ, ಬದಲಾಗದ ಗುಣವನ್ನು ಗುರುತಿಸುವರು, 12 ನಿಮಿಷ.’ ವಾಕ್ಯದ ಕರ್ತೃ ಮಗುವಾಗಿರಬೇಕು, ಉಪಕರಣವಲ್ಲ. ಹಾಗೆ ಬರೆಯಲು ಸಾಧ್ಯವಾಗದ ಪಾಠಗಳಲ್ಲಿ ನಾನು ಕಾಲಮ್ಮಿನಲ್ಲಿ ‘ಅಗತ್ಯವಿಲ್ಲ’ ಎಂದು ಬರೆಯುತ್ತೇನೆ, ಕೇಳಿದವರಿಗೆ ಕಾರಣವನ್ನೂ ಹೇಳುತ್ತೇನೆ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪಠ್ಯಕ್ರಮದ ಗುರಿಗಳಿಂದ ಸಾಮರ್ಥ್ಯಗಳಿಗೆ ಬರುತ್ತದೆ. ವಿಷಯ, ವಿಧಾನ, ಸಾಮಗ್ರಿಗಳು ಅವುಗಳನ್ನು ಅನುಸರಿಸಬೇಕು. ನಾವು ಮಾತ್ರ ಸಾಮಗ್ರಿಯಿಂದ ಹೊರಟು ಹಿಂದಕ್ಕೆ ನಡೆಯುತ್ತಿದ್ದೇವೆ.

ಉತ್ತರ 2: ವಿಜ್ಞಾನ ಶಿಕ್ಷಕ, ಮುಳಬಾಗಿಲು

ಮೇಡಂ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ವಿಜ್ಞಾನದ ಕಡೆಯಿಂದ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ.

ಹತ್ತನೆಯ ತರಗತಿಯಲ್ಲಿ ಓಮ್‌ನ ನಿಯಮಕ್ಕೆ ಪುಸ್ತಕದಲ್ಲಿರುವ ಚಟುವಟಿಕೆ ಅರ್ಧ ಮೀಟರ್ ನಿಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್, ಅಮ್ಮೀಟರ್ ಮತ್ತು ವೋಲ್ಟ್‌ಮೀಟರ್ ಇಟ್ಟುಕೊಂಡು ಮಾಡುವಂಥದ್ದು. ಅದೇ ಪ್ರಯೋಗವನ್ನು ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ನಲ್ಲಿ (ಪರದೆಯ ಮೇಲಿನ ಅನುಕರಣ ಪ್ರಯೋಗದಲ್ಲಿ) ಐದು ನಿಮಿಷದಲ್ಲಿ ಮುಗಿಸಬಹುದು, ನಕ್ಷೆಯ ಬಿಂದುಗಳೂ ಸರಳರೇಖೆಯ ಮೇಲೇ ಕೂರುತ್ತವೆ. ಆದರೆ ಅಲ್ಲಿ ತಂತಿಯ ತುದಿ ಸಡಿಲವಾಗುವುದಿಲ್ಲ, ಸೆಲ್ ಇಳಿಯುವುದಿಲ್ಲ, ಮೀಟರಿನ ಮುಳ್ಳು ಸಂಪರ್ಕಕ್ಕೂ ಮೊದಲೇ ಸೊನ್ನೆಯಿಂದ ಸರಿದು ನಿಂತಿರುವುದಿಲ್ಲ. ಮಂಡಲವನ್ನು ಜೋಡಿಸಿ, ಅಳೆದು, ದೋಷವನ್ನು ಗುರುತಿಸುವುದು ಕಲಿಕಾ ಫಲವಾಗಿದ್ದರೆ ಸಿಮ್ಯುಲೇಶನ್ ಆ ಫಲವನ್ನು ಕೊಡಲಾರದು. ನಮ್ಮ ಪ್ರಯೋಗಾಲಯದಲ್ಲಿ ಒಂದು ಗುಂಪಿನ ನಾಲ್ಕನೆಯ ಬಿಂದು ಮೂರನೆಯದರ ಪಕ್ಕದಲ್ಲೇ ಬಿತ್ತು. ಹಳೆಯ ಸೆಲ್ ಬೆರೆತಿದೆ ಎಂದು ಹುಡುಗರೇ ಒಂದೊಂದಾಗಿ ಅಳೆದು ಕಂಡುಹಿಡಿದರು. ಆ ದಿನದ ಕಲಿಕೆಯನ್ನು ನಾನು ಯಾವ ಪರದೆಗೂ ಬಿಟ್ಟುಕೊಡಲಾರೆ.

ಕಣ್ಣಿಗೆ ಕಾಣದ್ದನ್ನು ತೋರಿಸಬೇಕಾದಾಗ ಮಾತ್ರ ಸಿಮ್ಯುಲೇಶನ್‌ಗೆ ಸಾಟಿಯಿಲ್ಲ. ‘ಬಲ್ಬ್ ಕರೆಂಟನ್ನು ಬಳಸಿಕೊಳ್ಳುತ್ತದೆ, ದಾಟಿದ ಮೇಲೆ ಕಡಿಮೆಯಾಗುತ್ತದೆ’ ಎಂಬ ತಪ್ಪು ಕಲ್ಪನೆ ಬಹುತೇಕ ಮಕ್ಕಳಲ್ಲಿರುತ್ತದೆ. ಬಲ್ಬಿನ ಎರಡೂ ಬದಿಗೆ ನಿಜವಾದ ಅಮ್ಮೀಟರ್ ಇಟ್ಟು ಒಂದೇ ಅಳತೆ ಬರುವುದನ್ನು ನೋಡಿದ ಮೇಲೆ, ಆವೇಶಗಳು ಒಂದೇ ವೇಗದಲ್ಲಿ ಸಾಗುತ್ತಿರುವುದನ್ನು ಪರದೆಯಲ್ಲಿ ತೋರಿಸಿದೆ. ಈ ಕ್ರಮವನ್ನು ತಿರುಗಿಸಿ ಮಾಡಿದ ವರ್ಷ ‘ಕಂಪ್ಯೂಟರಲ್ಲಿ ಹಾಗೇ ಇದೆ ಸಾರ್’ ಎಂಬುದೇ ಮಕ್ಕಳು ಕೊಟ್ಟ ಕಾರಣವಾಗಿತ್ತು. ಸರ್, ನೀವು ವಿಚಾರವಾದಿ ಶಿಕ್ಷಣ ತಜ್ಞ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕಿನವರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಅವರು ಜೀವನವಿಡೀ ಹೇಳಿದ್ದು ಪರದೆಗೂ ಅನ್ವಯಿಸುತ್ತದೆ.

ಭಾಷೆಯ ವಿಷಯವೂ ಇದೆ. ನಮ್ಮ ಗಡಿಭಾಗದಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು, ಪಠ್ಯಪುಸ್ತಕ ಕನ್ನಡದ್ದು, ತಂತ್ರಾಂಶದ ಪದಗಳು ಇಂಗ್ಲಿಷಿನವು. ‘ರೋಧ’ವೂ ‘ರೆಸಿಸ್ಟೆನ್ಸ್’ ಕೂಡ ಒಂದೇ ಎಂದು ತಿಳಿಯದ ಮಗುವಿಗೆ ಪಾಠವೇ ಎರಡಾಗಿ ಕಾಣುತ್ತದೆ. ಫೆಟ್‌ನ ಕೆಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಸಿಗುತ್ತವೆ. ಇಲ್ಲದ ಕಡೆ ಮೊದಲ ಎರಡು ನಿಮಿಷ ಪದಗಳ ಜೋಡಿಯನ್ನು ಹಲಗೆಯ ಮೇಲೆ ಬರೆದು ಅವಧಿ ಮುಗಿಯುವವರೆಗೆ ಅಳಿಸದೆ ಬಿಡುತ್ತೇನೆ.

ಉತ್ತರ 3: ಪ್ರೌಢಶಾಲಾ ಶಿಕ್ಷಕ, ತುಮಕೂರು ನಗರ

ಎಲ್ಲವೂ ಸರಿ. ಆದರೆ ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ವಿಷಯಗಳ 80 ಅಂಕ ಲಿಖಿತ ಪರೀಕ್ಷೆಗೆ ಸೇರಿದ್ದು. ಫಲಿತಾಂಶ ಇಳಿದರೆ ಉತ್ತರ ಕೊಡಬೇಕಾದವರು ನಾವೇ. ದೊಡ್ಡ ಮಟ್ಟದಲ್ಲೂ ಪರದೆಯ ಪರವಾದ ಪುರಾವೆ ಗಟ್ಟಿಯಾಗಿಲ್ಲ: ಶಾಲೆಗಳ ಕಂಪ್ಯೂಟರೀಕರಣಕ್ಕೆ ಅಪಾರವಾಗಿ ಖರ್ಚು ಮಾಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಸಾಧನೆ ಗಮನಾರ್ಹವಾಗಿ ಸುಧಾರಿಸಲಿಲ್ಲವೆಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) 2015ರಲ್ಲೇ ವರದಿ ಮಾಡಿತು. ತಂತ್ರಜ್ಞಾನ ಯಾರ ಷರತ್ತಿನ ಮೇಲೆ ತರಗತಿಗೆ ಬರಬೇಕು ಎಂಬ ಪ್ರಶ್ನೆಯನ್ನು ಯುನೆಸ್ಕೊದ 2023ರ ಜಾಗತಿಕ ವರದಿಯೂ ಎತ್ತಿದೆ. ಹೀಗಿರುವಾಗ ಹತ್ತನೆಯ ತರಗತಿಯ ಸಮಯವನ್ನು ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ 4: ಗಣಿತ ಶಿಕ್ಷಕಿ, ಮಧುಗಿರಿ ಶೈಕ್ಷಣಿಕ ಜಿಲ್ಲೆ

ತುಮಕೂರಿನ ಸರ್, ನಿಮ್ಮ ಆತಂಕ ನ್ಯಾಯವಾದದ್ದು. ಅದಕ್ಕಾಗಿಯೇ ನಾನು ಹತ್ತನೆಯ ತರಗತಿಯಲ್ಲಿ ಬೇರೆ ಅವಧಿ ಕೇಳುವುದಿಲ್ಲ. ಆಂತರಿಕ 20 ಅಂಕಗಳಿಗಾಗಿ ಹೇಗೂ ಮಾಡಿಸಬೇಕಾದ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ನಡೆಸುವ ಮೌಲ್ಯಮಾಪನದ) ಚಟುವಟಿಕೆಯನ್ನೇ ಹೀಗೆ ರೂಪಿಸುತ್ತೇನೆ. ಮಗು ಊಹಿಸಿದ್ದು, ಕಂಡದ್ದು, ಕಾರಣ ಕೊಟ್ಟದ್ದು ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಡಬೇಕು, ಅಂಕ ಕಾರಣಕ್ಕೆ. ಲಿಖಿತ ಪರೀಕ್ಷೆಯಲ್ಲಿ ಸಾಧನೆ ಬರೆಯುವ ಅಭ್ಯಾಸವೂ ಅದರಲ್ಲೇ ಆಗುತ್ತದೆ.

ಜಿಯೋಜಿಬ್ರಾವನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಂಡರೆ ಇಂಟರ್‌ನೆಟ್ ಬೇಕಿಲ್ಲ. ಫೆಟ್‌ನ ಸಿಮ್ಯುಲೇಶನ್‌ಗಳನ್ನೂ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಕರೆಂಟ್ ಹೋಗುವ ದಿನಕ್ಕೆಂದು ಅದೇ ಚಟುವಟಿಕೆಯ ಕಾಗದದ ರೂಪ ನನ್ನ ಬ್ಯಾಗಿನಲ್ಲಿ ಸದಾ ಇರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ತಿಂಗಳ ಯೋಜನೆಯಲ್ಲಿದ್ದ ಹದಿನೆಂಟು ಪಾಠಗಳ ಕಾಲಮ್ಮನ್ನು ಮಗುವನ್ನೇ ಕರ್ತೃವಾಗಿಸಿ ಮತ್ತೆ ಬರೆಯಲು ಕುಳಿತೆ. ಐದಕ್ಕೆ ಮಾತ್ರ ವಾಕ್ಯ ಹುಟ್ಟಿತು, ಉಳಿದ ಹದಿಮೂರಕ್ಕೆ ‘ಅಗತ್ಯವಿಲ್ಲ’ ಎಂದು ಬರೆದು ಮುಖ್ಯ ಶಿಕ್ಷಕರಿಗೆ ಕಾರಣ ವಿವರಿಸಿದ್ದೇನೆ. ಅವರು ಒಪ್ಪಿದ್ದಾರೆ. ಸೋಮವಾರ ವೃತ್ತದ ಪಾಠ. ಒಂದೇ ಕಂಸವು ಪರಿಧಿಯ ಬೇರೆ ಬೇರೆ ಬಿಂದುಗಳಲ್ಲಿ ಉಂಟುಮಾಡುವ ಕೋನಗಳನ್ನು ಮಕ್ಕಳೇ ಎಳೆದು ನೋಡುವಂತೆ ಆರು ಯಂತ್ರಗಳಿಗೆ ಏಳೆಂಟು ಮಕ್ಕಳ ಗುಂಪು ಮಾಡುತ್ತಿದ್ದೇನೆ. ಎಂಟು ಮಂದಿಯಲ್ಲಿ ಮೌಸ್ ಒಬ್ಬರ ಕೈಯಲ್ಲೇ ಉಳಿಯದಂತೆ ನೀವೆಲ್ಲ ಏನು ವ್ಯವಸ್ಥೆ ಮಾಡುತ್ತೀರಿ?

ಉತ್ತರ 5: ವಿಜ್ಞಾನ ಶಿಕ್ಷಕ, ಮುಳಬಾಗಿಲು

ಮೌಸ್ ಹಿಡಿದವರು ಮಾತನಾಡುವಂತಿಲ್ಲ, ಗುಂಪಿನವರು ಹೇಳಿದ್ದನ್ನಷ್ಟೇ ಮಾಡಬೇಕು. ಪ್ರತಿ ಊಹೆ ಬರೆದ ಮೇಲೆ ಮೌಸ್ ಎಡಗಡೆಯವರಿಗೆ ದಾಟಬೇಕು. ನಮ್ಮಲ್ಲಿ ಇದು ನಡೆಯುತ್ತಿದೆ ಸರ್. ಸೋಮವಾರ ಹೇಗಾಯಿತೆಂದು ಇಲ್ಲೇ ಬರೆಯಿರಿ.