ಸಾಂಟಾಗೆ ಕನ್ನಡ ಬರುತ್ತಾ?

ಮನೆಯಲ್ಲಿ ಕ್ರಿಸ್‌ಮಸ್ ಮರ ಇಡಬೇಕಾ ಬೇಡ್ವಾ ಅಂತ ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಮಗುವಿಗೆ ನಾಲ್ಕು ವರ್ಷ, ನರ್ಸರಿಯಿಂದ ಬಂದು ಒಂದೇ ಹಟವಂತೆ. ಎರಡು ಸಾಲು ಉತ್ತರ ಬರೆಯೋಣ ಅಂತ ಕೂತೆ, ಉದ್ದ ಆಯಿತು.

ನಾನು ಬ್ರಿಟನ್ನಿಗೆ ಬಂದ ಮೊದಲ ವರ್ಷ ಡಿಸೆಂಬರ್ 25 ಅಂದರೆ ಬಸ್ಸಿಲ್ಲದ ದಿನ, ಅಷ್ಟೇ. ಗೆಳೆಯನ ಮನೆಗೆ ಹೊರಟು ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ನಾಯಿ ಕರಕೊಂಡು ಬಂದ ಹಿರಿಯರೊಬ್ಬರು, ಇವತ್ತು ಬಸ್ ಓಡಲ್ಲ, ಮನೆಗೆ ಹೋಗು ಅಂದರು. ವಾಪಸ್ ನಡೆದು ಬಂದೆ. ಸಂಜೆ ನಾಲ್ಕಕ್ಕೇ ಕತ್ತಲು. ಎದುರು ಮನೆಯ ಕಿಟಕಿಯಲ್ಲಿ ದೀಪಗಳು ಮಿಣಮಿಣ ಅನ್ನುತ್ತಿದ್ದವು. ಅವರ ಹಬ್ಬ, ನನಗೇನು ಅಂತ ಪರದೆ ಎಳೆದುಬಿಟ್ಟೆ.

ಮಕ್ಕಳಾದ ಮೇಲೆ ಪರದೆ ಎಳೆದರೆ ನಡೆಯಲ್ಲ. ಮಗಳು ನರ್ಸರಿಯ ನಾಟಕದಲ್ಲಿ ಕುರಿಯಾದಳು. ಏಸು ಹುಟ್ಟಿದ ಕಥೆಯಲ್ಲಿ ಕುರಿಗೆ ಮಾತೂ ಇಲ್ಲ ಕಥೆಯೂ ಇಲ್ಲ. ಆದರೂ ಅವಳನ್ನು ಕಳಿಸಬೇಕಾ ಅಂತ ನಾವಿಬ್ಬರೂ ಎರಡು ರಾತ್ರಿ ವಾದ ಮಾಡಿದ್ದೇವೆ. ಕಳಿಸೋಣ ಅಂದವಳು ನನ್ನ ಹೆಂಡತಿ. ವಾದದಲ್ಲಿ ಗೆಲ್ಲೋಣ ಅಂತ ನಾನು ಈ ಹಬ್ಬದ ಚರಿತ್ರೆ ಓದಿದೆ. ಅದು ನನಗೇ ತಿರುಗುಬಾಣ ಆಯಿತು.

1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟೇ ಕ್ರಿಸ್‌ಮಸ್ ಹಬ್ಬವನ್ನು ರದ್ದು ಮಾಡಿತ್ತಂತೆ. ಇದಕ್ಕೆಲ್ಲ ಬೈಬಲ್ಲಿನಲ್ಲಿ ಆಧಾರ ಇಲ್ಲ, ಬರೀ ಮೋಜು ಜಾಸ್ತಿ ಅನ್ನೋದು ಆಗಿನ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರ ತಕರಾರು. ಸ್ಕಾಟ್ಲೆಂಡಿನಲ್ಲಂತೂ ಆ ದಿನಕ್ಕೆ ಸಾರ್ವಜನಿಕ ರಜೆ ಸಿಕ್ಕಿದ್ದು 1958ರಲ್ಲಿ. ಮರ ಜರ್ಮನಿಯಿಂದ ಬಂದದ್ದು. ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ ಇಂಗ್ಲೆಂಡಿನಲ್ಲಿ ಮರ ಇಡೋ ರೂಢಿ ಜೋರಾಯಿತು. ಅಂದರೆ ಯಾವುದನ್ನು ನಾನು "ಅವರದು" ಅಂತ ದೂರ ಇಟ್ಟಿದ್ದೆನೋ, ಅದನ್ನು ಅವರೇ ಒಮ್ಮೆ ಬೇಡ ಅಂದಿದ್ದರು, ಆಮೇಲೆ ಪಕ್ಕದವರಿಂದ ತಂದು ಸೇರಿಸಿಕೊಂಡಿದ್ದರು. ಇದನ್ನು ಹೆಂಡತಿಗೆ ಹೇಳಿದೆ. "ಹಾಗಾದ್ರೆ ಕುರಿ ವೇಷಕ್ಕೆ ಹತ್ತಿ ತನ್ನಿ" ಅಂದಳು.

ಆದರೆ ನನ್ನನ್ನು ನಿಜವಾಗಿ ಈ ಹಬ್ಬಕ್ಕೆ ಎಳೆದದ್ದು ಒಂದು ಕಾಗದ. ಮಗಳಿಗೆ ಏಳು ವರ್ಷ. ಭಾನುವಾರದ ಕನ್ನಡ ಕ್ಲಾಸಿಗೆ ಅಳುತ್ತಾ ಹೋಗಿ ಅಳುತ್ತಾ ಬರುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದ ಹಾಗೆ, "ಅಪ್ಪಾ, ಸಾಂಟಾಗೆ ಕನ್ನಡ ಬರುತ್ತಾ?" ಅಂದಳು. ನನ್ನ ಸ್ವಾರ್ಥ ನೋಡಿ, ಕಣ್ಣು ಮಿಟುಕಿಸದೆ ಹೇಳಿದೆ: "ಚೆನ್ನಾಗಿ ಬರುತ್ತೆ. ಕನ್ನಡದಲ್ಲಿ ಬರೆದರೆ ಬೇಗ ಓದ್ತಾನೆ."

ಸಾಂಟಾನಿಂದ ಉಡುಗೊರೆಯಾಗಿ ಅವಳಿಗೆ ಬೇಕಿದ್ದದ್ದು ಬಣ್ಣದ ಪೆಟ್ಟಿಗೆ. ಮೊದಲ ಸಲ "ಬಣದ ಪೆಟಿಗೆ" ಅಂತ ಬರೆದಳು. ಒತ್ತು ಬಿಟ್ಟರೆ ಬೇರೆ ಏನಾದರೂ ತಂದುಬಿಟ್ಟರೆ ಅಂತ ಭಯವಾಗಿ ಹರಿದು ಹಾಕಿ ಮತ್ತೆ ಬರೆದಳು. ಆರು ಹಾಳೆ ಆಯಿತು. ಎರಡು ವರ್ಷದ ಕ್ಲಾಸಿನಲ್ಲಿ ಬಾರದ ಒತ್ತಕ್ಷರ ಒಂದು ಸಂಜೆಯಲ್ಲಿ ಬಂತು.

ಕಾಗದ ಬಂದ ಮೇಲೆ ಉತ್ತರ ಬರೆಯಬೇಕಲ್ವಾ? ಗುರುತು ಸಿಗಬಾರದು ಅಂತ ಎಡಗೈಯಲ್ಲಿ ಬರೆದೆ. 25ರ ಬೆಳಿಗ್ಗೆ ಅವಳು ಮೆಟ್ಟಿಲ ಮೇಲೆ ಕೂತು ಬೆರಳಿಟ್ಟು ಓದಿದಳು. "ಮಗಳೇ" ಅನ್ನೋ ಕಡೆ ಬೆರಳು ನಿಂತಿತು. ನನ್ನ "ಳ"ದ ಬಾಲ ಯಾವಾಗಲೂ ಕೆಳಗಿನ ಸಾಲಿಗೆ ಇಳಿಯುತ್ತೆ. ಎಡಗೈಯಲ್ಲೂ ಇಳಿದಿತ್ತು. ಅಕ್ಷರ ನೋಡಿದಳು, ನನ್ನನ್ನು ನೋಡಿದಳು, ಪಕ್ಕದಲ್ಲಿದ್ದ ತಮ್ಮನನ್ನು ನೋಡಿದಳು. ಏನೂ ಹೇಳದೆ ಕಾಗದ ಮಡಚಿದಳು. ಎರಡು ದಿನ ಬಿಟ್ಟು ಕಿವಿಯಲ್ಲಿ, "ಮುಂದಿನ ಸಲ ತಮ್ಮನಿಗೆ ನಾನು ಬರೀತೀನಿ. ನಿಮ್ಮ ಅಕ್ಷರ ಗೊತ್ತಾಗಿಬಿಡುತ್ತೆ" ಅಂದಳು.

ಹಾಗೆ ನಾಲ್ಕು ವರ್ಷ ನಮ್ಮ ಮನೆಯ ಸಾಂಟಾ ಅವಳೇ.

ಇನ್ನೊಂದು ಮಾತು. ನಮ್ಮ ಹಬ್ಬಗಳು ವಾರದ ಮಧ್ಯೆ ಬಂದರೆ ಶನಿವಾರಕ್ಕೆ ತಳ್ಳುತ್ತೇವೆ, ಹಾಲ್ ಸಿಕ್ಕ ದಿನವೇ ಹಬ್ಬ. ಈ ಒಂದು ದಿನಕ್ಕೆ ಯಾರನ್ನೂ ರಜೆ ಕೇಳಬೇಕಾಗಿಲ್ಲ. ಆಫೀಸಿನಿಂದ ಒಂದು ಮೇಲ್ ಕೂಡ ಬರಲ್ಲ. ನಾಲ್ಕೂ ಜನ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಸೂರಿನ ಕೆಳಗೆ ಇದ್ದ ದಿನಗಳನ್ನು ಎಣಿಸಿದರೆ ನಮ್ಮ ಮನೆಯಲ್ಲಿ ಹೆಚ್ಚಿನವು ಡಿಸೆಂಬರಿನವೇ. ದೇವರು ಧರ್ಮದ ಲೆಕ್ಕ ಬೇರೆ ಇರಬಹುದು, ನನ್ನದು ಇಷ್ಟೇ.

ಈಗ ಮಗಳು ಕೆಲಸದಲ್ಲಿ, ಮಗ ಕಾಲೇಜಿನಲ್ಲಿ. ಇಬ್ಬರೂ ಬರೋದು ಆ ವಾರ ಮಾತ್ರ. ಹೋದ ವರ್ಷ ಅಟ್ಟದಿಂದ ಡಬ್ಬ ಇಳಿಸಿದಾಗ ಐಸ್‌ಕ್ರೀಮ್ ಕಡ್ಡಿಯ ನಕ್ಷತ್ರದ ಕೆಳಗೆ ಆ ಕಾಗದಗಳು ಸಿಕ್ಕವು. ಮಗ ಒಂದನ್ನು ಎತ್ತಿ ನೋಡಿ, "ಇದು ಅಕ್ಕನ ಅಕ್ಷರ ಅಂತ ನನಗೆ ಮೊದಲ ವರ್ಷವೇ ಗೊತ್ತಿತ್ತು" ಅಂದ. ಮತ್ತೆ ಯಾಕೋ ಹೇಳಲಿಲ್ಲ ಅಂದರೆ, "ಅವಳು ಅಷ್ಟು ಕಷ್ಟಪಟ್ಟು ಬರೀತಿದ್ದಳು, ಸುಮ್ನಿದ್ದೆ" ಅಂದ.

ಅಂದ ಹಾಗೆ ನೀವು ಕೇಳಿದ್ದು ಮರದ ಬಗ್ಗೆ. ಇಡಿ, ಆದರೆ ಪ್ಲಾಸ್ಟಿಕ್ಕಿನದು ತಗೊಳ್ಳಿ. ನಿಜವಾದ ಮರದ ಸೂಜಿ ಎಲೆಗಳು ಮಾರ್ಚ್ ತಿಂಗಳಲ್ಲೂ ಕಾರ್ಪೆಟ್ಟಿನಿಂದ ಎದ್ದು ಕಾಲಿಗೆ ಚುಚ್ಚುತ್ತವೆ.