ಕಾರ್ಯಾಗಾರದ ಹೀಟರ್ 5 ಡಿಗ್ರಿಯಲ್ಲಿ ಆನ್ ಆಗುತ್ತಿಲ್ಲ: ಯಾವ ಥರ್ಮೋಸ್ಟಾಟ್ ಸೂಕ್ತ?

ಪ್ರಶ್ನೆ:
ಮರಗೆಲಸದ ಕಾರ್ಯಾಗಾರದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿಯೂ ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ನೀರು ಆಧಾರಿತ ಅಂಟು ಮತ್ತು ಬಣ್ಣಗಳಲ್ಲಿ ಹಲವು, ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತವೆ. 2 ಕಿಲೋವ್ಯಾಟ್ ಹೀಟರ್‌ಗೆ ಗೋಡೆಯ ಮೇಲಿನ ಸಾಮಾನ್ಯ ಥರ್ಮೋಸ್ಟಾಟ್ ಒಂದನ್ನು ಜೋಡಿಸಿ, ಅದರ ಗುಂಡಿಯನ್ನು ಕನಿಷ್ಠ ಅಂಕಿಯಾದ 5ಕ್ಕೆ ತಿರುಗಿಸಿಟ್ಟಿದ್ದೇನೆ. ಆದರೂ ಪಕ್ಕದ ಥರ್ಮಾಮೀಟರ್ 2 ಡಿಗ್ರಿ ತೋರಿಸುವವರೆಗೆ ಹೀಟರ್ ಆನ್ ಆಗುವುದಿಲ್ಲ; ಆನ್ ಆದರೂ ಕೋಣೆ ಬೆಚ್ಚಗಾಗುವ ಮೊದಲೇ ಆಫ್ ಆಗುತ್ತದೆ. ಥರ್ಮೋಸ್ಟಾಟ್ ಕೆಟ್ಟಿದೆಯೇ ಅಥವಾ ಈ ಕೆಲಸಕ್ಕೆ ಬೇರೆ ಬಗೆಯದೇ ಬೇಕೇ ಎಂದು ತಿಳಿಸಬೇಕಾಗಿ ವಿನಂತಿ.

ಉತ್ತರ:
ಕೆಟ್ಟಿರುವ ಸಾಧ್ಯತೆ ಕಡಿಮೆ. ಇಂಥ ಗುಂಡಿಗಳ ಅಂಕಿಗಳು ಮಧ್ಯಭಾಗದಲ್ಲಿ ಎಷ್ಟು ನಂಬಲರ್ಹವೋ ಎರಡು ತುದಿಗಳಲ್ಲಿ ಅಷ್ಟಿರುವುದಿಲ್ಲ. ನಿಮ್ಮ 5 ಇರುವುದು ತುದಿಯಲ್ಲಿಯೇ. ಅದರ ಮೇಲೆ ಆನ್ ಮತ್ತು ಆಫ್ ಆಗುವ ಉಷ್ಣಾಂಶಗಳ ನಡುವಿನ ಅಂತರವೂ ಸೇರಿದರೆ 2 ಡಿಗ್ರಿ ಎನ್ನುವುದು ಅಚ್ಚರಿಯಲ್ಲ.

ಬೇಗ ಆಫ್ ಆಗುವುದಕ್ಕೆ ಕಾರಣ ಬೇರೆ. 230 ವೋಲ್ಟ್‌ನಲ್ಲಿ 2 ಕಿಲೋವ್ಯಾಟ್ ಎಂದರೆ ಸುಮಾರು 8.7 ಆಂಪಿಯರ್. ಅಷ್ಟು ಕರೆಂಟ್ ಹರಿಯುವಾಗ ಥರ್ಮೋಸ್ಟಾಟಿನೊಳಗೆ ಕೂಡಿ-ಬಿಡುವ ಕಾಂಟ್ಯಾಕ್ಟ್ ಮತ್ತು ತಂತಿ ಜೋಡಿಸುವ ಟರ್ಮಿನಲ್‌ಗಳು ತಾವೇ ಬಿಸಿಯಾಗುತ್ತವೆ. ಪೆಟ್ಟಿಗೆಯೊಳಗಿನ ದ್ವಿಲೋಹ ಪಟ್ಟಿ (ಎರಡು ಲೋಹಗಳನ್ನು ಬೆಸೆದ, ಬಿಸಿಗೆ ಬಾಗುವ ಪಟ್ಟಿ) ಕೋಣೆಯ ಗಾಳಿಗಿಂತ ಮೊದಲು ಆ ಬಿಸಿಗೆ ಬಾಗಿ, ಕೋಣೆ ಬೆಚ್ಚಗಾಯಿತೆಂದು ಭ್ರಮಿಸಿ ಹೀಟರನ್ನು ಆಫ್ ಮಾಡುತ್ತದೆ. ಆದ್ದರಿಂದ ಥರ್ಮೋಸ್ಟಾಟ್ ಮೂಲಕ ಹೀಟರಿನ ಕರೆಂಟನ್ನು ಹಾಯಿಸದೆ, ಅದು ಒಂದು ಕಾಂಟ್ಯಾಕ್ಟರಿನ (ಕಾಯಿಲ್‌ಗೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚಿನ) ಕಾಯಿಲ್ ಅನ್ನು ಮಾತ್ರ ನಡೆಸುವಂತೆ ಮಾಡಿ, ಭಾರದ ಕೆಲಸವನ್ನು ಕಾಂಟ್ಯಾಕ್ಟರಿಗೆ ಬಿಡುವುದು ಒಳ್ಳೆಯದು.

ಕೊಳ್ಳುವಾಗ ನಿಮಗೆ ಬೇಕಾದ 5 ಡಿಗ್ರಿ ವ್ಯಾಪ್ತಿಯ ನಡುವೆ ಬರುವಂಥ ಫ್ರಾಸ್ಟ್ ಥರ್ಮೋಸ್ಟಾಟ್ (ಹೆಪ್ಪುಗಟ್ಟದಂತೆ ಕಾಯಲೆಂದೇ ಇರುವ ಥರ್ಮೋಸ್ಟಾಟ್) ಹುಡುಕಿ. ಮರದ ಹುಡಿ ಇರುವ ಜಾಗವಾದ್ದರಿಂದ ಗಾಳಿಕಿಂಡಿಗಳುಳ್ಳ ಪೆಟ್ಟಿಗೆಯನ್ನು ನಾನಂತೂ ಒಪ್ಪುವುದಿಲ್ಲ. ಹುಡಿ ಕಾಂಟ್ಯಾಕ್ಟ್‌ಗಳ ನಡುವೆ ಸೇರಿದರೆ ಸಂಪರ್ಕ ಹದಗೆಡುತ್ತದೆ, ಕಿಡಿಯ ಅಪಾಯವೂ ಇದೆ. ಹೊರಗೋಡೆಯನ್ನೂ ಹೀಟರಿನ ಬಿಸಿಗಾಳಿ ನೇರವಾಗಿ ಬಡಿಯುವ ಜಾಗವನ್ನೂ ಬಿಟ್ಟು, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ಕೂರಿಸಿ.

ಪ್ರಶ್ನೆ ಕೇಳಿದವರು:
ಹೊರಗೆ ತಂತಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಕಂಟ್ರೋಲರ್ ಹೆಚ್ಚು ನಿಖರವಲ್ಲವೇ? ಕಾಂಟ್ಯಾಕ್ಟರ್ ಹಾಕುವುದಾದರೆ, ಅತಿಬಿಸಿಯಾದಾಗ ಕಡಿಯುವ ಕಟ್‌ಔಟ್ ಒಂದನ್ನು ಅದರ ಕಾಯಿಲ್ ಸಾಲಿನಲ್ಲಿಯೇ ಸೇರಿಸಬಹುದೆಂದುಕೊಂಡಿದ್ದೇನೆ.

ಉತ್ತರ:
ನಿಖರತೆಗೆ ಡಿಜಿಟಲ್ ಮೇಲು, ಸಂದೇಹವಿಲ್ಲ. ಪುಡಿಮಾಡಿದ ಮಂಜುಗಡ್ಡೆಗೆ ತುಸುವೇ ನೀರು ಬೆರೆಸಿ ಕಲಕಿ, ಸೆನ್ಸರಿನ ತುದಿ ಪಾತ್ರೆಗೆ ತಾಗದಂತೆ ಅದರಲ್ಲಿ ಮುಳುಗಿಸಿಡಿ. ಅಂಕಿ ಸ್ಥಿರವಾದಾಗ 0 ತೋರಿಸಬೇಕು. ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ತಿದ್ದುವ ಸೌಲಭ್ಯ ಅನೇಕ ಕಂಟ್ರೋಲರ್‌ಗಳಲ್ಲಿದೆ. ಆನ್-ಆಫ್ ಅಂತರವನ್ನು 2 ಡಿಗ್ರಿಗೆ ಇಡಿ. ಅದನ್ನು ಅರ್ಧ ಡಿಗ್ರಿಗೆ ಇಳಿಸಿದರೆ ಅಂಟಿಗೇನೂ ಲಾಭವಿಲ್ಲ, ಕಂಟ್ರೋಲರಿನೊಳಗಿನ ಸ್ವಿಚ್ಚಾದ ರಿಲೇ ಮಾತ್ರ ಸವೆಯುತ್ತದೆ.

ನೀವು ಕೊಳ್ಳುವ ಮುನ್ನ ಕೈಪಿಡಿಯಲ್ಲಿ ನೋಡಬೇಕಾದದ್ದು ಬೇರೊಂದಿದೆ. ಇಂಥ ಕಂಟ್ರೋಲರ್‌ಗಳಲ್ಲಿ ಹಲವಕ್ಕಿರುವ ಎನ್‌ಟಿಸಿ ಎಂಬ ಬಗೆಯ ಸೆನ್ಸರಿನ ವಿದ್ಯುತ್ ರೋಧ ತಂಪಾದಷ್ಟೂ ಏರುತ್ತದೆ. ತಂತಿ ತುಂಡಾದರೆ ರೋಧ ಅಪಾರವಾಗಿ, ದೋಷವನ್ನು ಗುರುತಿಸದ ಕಂಟ್ರೋಲರ್ ಅದನ್ನು ಕಡುಚಳಿ ಎಂದು ತಿಳಿದು ಹೀಟರನ್ನು ಆಫ್ ಮಾಡುವುದೇ ಇಲ್ಲ. ಸೆನ್ಸರ್ ದೋಷದಲ್ಲಿ ರಿಲೇ ಆಫ್ ಆಗುತ್ತದೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ.

ಕಟ್‌ಔಟ್ ಕಾಯಿಲ್ ಸಾಲಿನಲ್ಲಿ ಬೇಡ. ಕಾಂಟ್ಯಾಕ್ಟರಿನ ಕಾಂಟ್ಯಾಕ್ಟ್‌ಗಳೇ ಬೆಸೆದುಕೊಂಡರೆ, ಕಾಯಿಲ್‌ಗೆ ವಿದ್ಯುತ್ ಕಡಿದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಹೀಟರಿನ ಪೂರ್ಣ ಕರೆಂಟ್ ತಾಳಬಲ್ಲ, ಕೈಯಿಂದಲೇ ರೀಸೆಟ್ ಮಾಡಬೇಕಾದ ಕಟ್‌ಔಟ್ ಒಂದನ್ನು ಹೀಟರಿಗೆ ಹೋಗುವ ಮುಖ್ಯ ತಂತಿಯಲ್ಲಿ ಸರಣಿಯಾಗಿ ಹಾಕಿಸಿ. ಈ ಜೋಡಣೆಯನ್ನು ಬ್ರೇಕರ್ ಆಫ್ ಮಾಡಿ, ಅರ್ಹ ಎಲೆಕ್ಟ್ರಿಷಿಯನ್ ಕೈಯಿಂದ ಮಾಡಿಸುವುದು ಕ್ಷೇಮ.