ಬಾರ್ಡರ್ ಕಾಲಿ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವಿರೋದು ಬೆಂಗಳೂರಿನ ಫ್ಲಾಟಿನಲ್ಲಿ. 14 ತಿಂಗಳ ಬಾರ್ಡರ್ ಕಾಲಿ ನಾಯಿ ಇದೆ, ಹೆಸರು ಮಿಂಚು. ಮಗಳು, ಅವಳ ಗೆಳತಿಯರು ಓಡಿದರೆ ಸಾಕು, ತಲೆ ತಗ್ಗಿಸಿ, ಒಂದು ಮುಂಗಾಲು ಎತ್ತಿಕೊಂಡು, ರೆಪ್ಪೆ ಬಡಿಯದೆ ನೋಡುತ್ತಾಳೆ. ಆಮೇಲೆ ಸುತ್ತು ಹಾಕಿ ಬಂದು ಹಿಮ್ಮಡಿಗೆ ಬಾಯಿ ಹಾಕುತ್ತಾಳೆ. ರಕ್ತ ಬಂದಿಲ್ಲ, ಆದರೆ ನಿನ್ನೆ ಒಬ್ಬಳ ಕಾಲುಚೀಲ ಹರಿಯಿತು. ಚಳ್ಳಕೆರೆ ಕಡೆ ನಮ್ಮಜ್ಜನ ಕುರಿ ರೊಪ್ಪದಲ್ಲಿ ಎರಡು ನಾಯಿ ಇದ್ದವು. ಅವು ಯಾವತ್ತೂ ಹೀಗೆ ಮಾಡಿದ್ದಿಲ್ಲ. ಇವಳಿಗೆ ಏನಾಗಿದೆ?

ಉತ್ತರ: ಏನೂ ಆಗಿಲ್ಲ ಮೇಡಂ. ಕುಲಕಸುಬು ಮಾಡುತ್ತಿದ್ದಾಳೆ, ಕುರಿ ಸಿಗದೆ ಮಕ್ಕಳನ್ನು ಹಿಡಿದಿದ್ದಾಳೆ ಅಷ್ಟೇ. ನಿಮ್ಮಜ್ಜನ ನಾಯಿಗಳದ್ದು ಕಾವಲು ಕೆಲಸ. ತೋಳ ಬಂದರೆ ಬೊಗಳಬೇಕು, ಎದುರು ನಿಲ್ಲಬೇಕು. ಕುರಿ ತಿರುಗಿಸೋಕೆ ಅಜ್ಜನ ಕೂಗು, ಕೋಲು ಇತ್ತಲ್ವಾ?

ಮಿಂಚು ಇಂಗ್ಲೆಂಡ್, ಸ್ಕಾಟ್ಲೆಂಡ್ ಗಡಿಯ ತಳಿ. 1893ರಲ್ಲಿ ನಾರ್ಥಂಬರ್ಲೆಂಡಿನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಅನ್ನೋ ನಾಯಿಯೇ ಈ ತಳಿಯ ಮೂಲಪುರುಷ. ಅದು ಗಲಾಟೆ ಮಾಡದೆ ಬರೀ ನೋಟದಲ್ಲೇ ಕುರಿ ತಿರುಗಿಸುತ್ತಿತ್ತಂತೆ. ಕುರಿ ತಿರುಗಿಸೋದೂ ಬೇಟೆಯ ಬುದ್ಧಿಯಿಂದಲೇ ಬಂದದ್ದು. ಬೇಟೆ ಅಂದರೆ ದಿಟ್ಟಿಸೋದು, ಹೊಂಚೋದು, ಅಟ್ಟೋದು, ಹಿಡಿಯೋದು, ಕೊಲ್ಲೋದು. ಅಲ್ಲಿನ ಕುರಿಗಾಹಿಗಳು ಮರಿ ಆರಿಸಿ ಆರಿಸಿ ಮೊದಲ ಮೂರನ್ನು ಬೆಳೆಸಿದರು, ಕೊನೆಯ ಎರಡನ್ನು ತಗ್ಗಿಸಿದರು. ಪೂರ್ತಿ ಹೋಗಿಲ್ಲ. ಮಾತು ಕೇಳದ ಕುರಿಗೆ ಸಣ್ಣದಾಗಿ ಹಲ್ಲು ತಾಗಿಸುತ್ತವೆ. ನಿಮ್ಮ ಮಕ್ಕಳಂತೂ ಕಿರುಚಿಕೊಂಡು ದಿಕ್ಕಿಗೊಬ್ಬರು ಓಡುತ್ತಾರೆ, ಅವಳಿಗೆ ಇನ್ನೂ ಹುರುಪು.

ಅಟ್ಟೋಕೆ ಶುರು ಮಾಡಿದ ಮೇಲೆ ಕೂಗಿದರೆ ಕಿವಿಗೆ ಬೀಳಲ್ಲ. ಆ ಮುಂಗಾಲು ಎತ್ತಿದ ಕ್ಷಣವೇ ನಿಮ್ಮ ಸಮಯ. ಹೆಸರು ಹಿಡಿದು ಕರೆಯಿರಿ, ತಿರುಗಿದ ತಕ್ಷಣ ತಿಂಡಿ ಕೊಡಿ. ಈ ಪಾಠವನ್ನು ಮೊದಲು ಮಕ್ಕಳಿಲ್ಲದಾಗ ಕಲಿಸಿ. ಅಲ್ಲಿವರೆಗೆ ಮಕ್ಕಳು ಆಡುವಾಗ ಅವಳು ಬೇರೆ ಕೋಣೆಯಲ್ಲಿರಲಿ. ಹೊಡೆಯಬೇಡಿ. ‘ಮಿಂಚು ಬಂದರೆ ಓಡಬೇಡ, ಮರದ ಹಾಗೆ ನಿಲ್ಲು’ ಅಂತ ಮಗಳಿಗೂ ಹೇಳಿಕೊಡಿ.

ಪ್ರಶ್ನೆ: ಸುಸ್ತಾಗಲಿ ಅಂತ ದಿನಾ ಒಂದು ಗಂಟೆ ಚೆಂಡು ಎಸೆಯುತ್ತೇವೆ. ಸಂಜೆ ಗೋಡೆ ಮೇಲೆ ಲೇಸರ್ ಲೈಟ್ ಕೂಡ ಬಿಡುತ್ತೇವೆ.

ಉತ್ತರ: ಲೇಸರ್ ಇವತ್ತೇ ನಿಲ್ಲಿಸಿ. ಎಷ್ಟು ಅಟ್ಟಿದರೂ ಕೈಗೆ ಸಿಗದ ಬೇಟೆ ಅದು. ಆಮೇಲೆ ನೆರಳು, ಬಿಸಿಲಕೋಲಿನ ಹಿಂದೆಯೂ ಬೀಳೋ ಗೀಳು ಹತ್ತಬಹುದು. ಚೆಂಡು ಹತ್ತು ನಿಮಿಷ ಸಾಕು, ಜಾಸ್ತಿ ಆದರೆ ಸುಸ್ತಿಗಿಂತ ಉದ್ರೇಕವೇ ಹೆಚ್ಚುತ್ತೆ. ಬದಲು ಅವಳ ಊಟದ ಕಾಳುಗಳನ್ನು (ಒಣ ಡಾಗ್ ಫುಡ್) ಹಳೇ ಟವೆಲಿನಲ್ಲಿ ಸುತ್ತಿ ಕೊಡಿ, ಮೂಸಿ ಹುಡುಕಲಿ. ಮಧ್ಯಾಹ್ನ ಗಲಾಟೆಯಿಲ್ಲದ ಮೂಲೆಯಲ್ಲಿ ಮಲಗಿಸಿ. ಎರಡು ವಾರ ಬಿಟ್ಟು ಒಂದು ವಿಡಿಯೋ ಹಾಕಿ, ಮುಂಗಾಲು ಎತ್ತೋ ಭಾಗ ಕಾಣಬೇಕು.